ಮೂರು ಗಾಲಿಯ ಮುಂಜಾವು

1879ರ ಕೊನೆಯ ರಾತ್ರಿ. ನೆಕರ್ ನದಿ ರೈನ್ ನದಿಯನ್ನು ಹೋಗಿ ಸೇರುವ ಮಾನ್‌ಹೈಮ್ ಊರಿನಲ್ಲಿ, ಊಟ ಮುಗಿಸಿದ ಗಂಡ ಹೆಂಡತಿ ಹಾಸಿಗೆಯ ಕಡೆ ನಡೆಯುವ ಬದಲು, ಇನ್ನೊಂದು ಸಲ ನೋಡೇಬಿಡೋಣ ಎಂದು ವರ್ಕ್‌ಶಾಪಿನ ಬಾಗಿಲು ತೆರೆದರು. ಒತ್ತಾಯ ಹೆಂಡತಿಯದು. ಕೈಯಲ್ಲಿ ಕಾಸಿಲ್ಲದ ಕಾಲ. ಎಷ್ಟು ತಿರುವಿದರೂ ಏಳದ ಗ್ಯಾಸ್ ಎಂಜಿನ್ನು ಹಟ ಹಿಡಿದ ಮಗುವಿನಂತೆ ಮೂಲೆಯಲ್ಲಿ ಕೂತಿತ್ತು. ಕಾರ್ಲ್ ಬೆಂಜ್ ಮತ್ತೆ ಅದರ ಗಾಲಿ ತಿರುವಿದ. ಈ ಸಲ ಅದು ನಿಲ್ಲಲಿಲ್ಲ. ಮಾತು ಕಲಿಯುವ ಕೂಸು ಸಿಕ್ಕಿದ ಒಂದೇ ಅಕ್ಷರವನ್ನು ಬಿಡದೆ ಹೇಳುವಂತೆ ಅದು ಹೇಳುತ್ತಲೇ ಹೋಯಿತು, ಇವರಿಬ್ಬರೂ ನಿಂತಲ್ಲೇ ನಿಂತು ಕೇಳುತ್ತಲೇ ಹೋದರು. ಒಂದು ಗಂಟೆ ಕಳೆದರೂ ಅವರಿಗೆ ಸಾಕೆನಿಸಲಿಲ್ಲವೆಂದು ಮುಪ್ಪಿನಲ್ಲಿ ಬರೆದ ನೆನಪುಗಳಲ್ಲಿ ಕಾರ್ಲ್ ಹೇಳಿಕೊಂಡಿದ್ದಾನೆ. ಆ ಹೊತ್ತಿಗೆ ಊರಿನ ಗಂಟೆಗಳು ಹೊಸ ವರ್ಷವನ್ನು ಕರೆಯತೊಡಗಿದವು, ಹೊರಗಿನ ಕಂಚಿನ ನಾದವೂ ಒಳಗಿನ ಕಬ್ಬಿಣದ ತೊದಲೂ ಒಂದರೊಳಗೊಂದು ಸೇರಿಹೋದವು.

ಬೆಂಜ್ ಕಾರು ಎಂದರೆ ನಮ್ಮಲ್ಲಿ ಸಿರಿವಂತಿಕೆಗೇ ಇನ್ನೊಂದು ಹೆಸರು. ಯಾರಾದರೂ ಚೂರು ಮೆರೆದರೆ ಸಾಕು, ಮನೆ ಮುಂದೆ ಬೆಂಜ್ ಬಂದು ನಿಂತಿದೆಯೋ ಎಂದು ಕೇಳುತ್ತೇವೆ. ನನಗೆ ಆ ಮೆರುಗಿನ ಮೇಲೆ ಅಂಥ ಮೋಹವೇನಿಲ್ಲ. ಬೆಲೆ ಕೇಳಿದರೆ ನಿದ್ದೆ ಕೆಡುವ ವಸ್ತುವಿನ ಹತ್ತಿರ ಬೆರಗು ಹೆಚ್ಚು ಹೊತ್ತು ಕೂರುವುದಿಲ್ಲ. ಆದರೆ ಆ ಒಂದು ಗಂಟೆ ನನ್ನನ್ನು ಬಿಡುವುದಿಲ್ಲ. ರೈಲಿನ ಎಂಜಿನ್ ಓಡಿಸುತ್ತಿದ್ದ ಅಪ್ಪನನ್ನು ಎರಡು ವರ್ಷ ತುಂಬುವ ಮೊದಲೇ ಕಳೆದುಕೊಂಡ ಮಗ ಕಾರ್ಲ್. ಆಕೆ ಬೆರ್ಟಾ, ಪ್ಫೋರ್ಟ್ಸ್‌ಹೈಮಿನ ಬಡಗಿಯೊಬ್ಬನ ಮಗಳು. ಹುಟ್ಟಿದಾಗ ಇದೂ ಹೆಣ್ಣಾಯಿತೆಂಬ ಬೇಸರವನ್ನು ಅಪ್ಪ ಮನೆಯ ಬೈಬಲಿನಲ್ಲೇ ಬರೆದಿಟ್ಟಿದ್ದನಂತೆ. ಆ ಮಗಳು ಮದುವೆಗೆ ಮೊದಲೇ ತನ್ನ ಪಾಲಿನ ಹಣವನ್ನು ಕೇಳಿ ಪಡೆದು, ಮದುವೆಯಾಗಲಿರುವವನ ಮುಳುಗುತ್ತಿದ್ದ ವರ್ಕ್‌ಶಾಪನ್ನು ಅವನ ಪಾಲುದಾರನ ಕೈಯಿಂದ ಬಿಡಿಸಿದಳು. ಬಂಗಾರ ಮೈಮೇಲೆ ಬರುವ ಮೊದಲೇ ಕಬ್ಬಿಣವಾಯಿತು.

ಆ ಕಬ್ಬಿಣಕ್ಕೆ ಗಾಲಿ ಬಂದದ್ದು ಆ ಹೊಸ ವರ್ಷದ ರಾತ್ರಿಯಾಗಿ ಆರು ವರ್ಷಗಳ ಬಳಿಕ. 1886ರ ಜನವರಿ 29ರಂದು ಸಲ್ಲಿಸಿದ 37435ನೇ ಸಂಖ್ಯೆಯ ಪೇಟೆಂಟನ್ನು ಮೋಟಾರು ಕಾರಿನ ಜನ್ಮಪತ್ರಿಕೆ ಎನ್ನುತ್ತಾರೆ. ಕುದುರೆ ಕಟ್ಟದ ಬಂಡಿ ಎಂದರೆ ಸಾಲದು. ಅದು ಬಂಡಿಗಿಂತ ಸೈಕಲ್ಲಿನ ಹತ್ತಿರದ ನೆಂಟ. ಉಕ್ಕಿನ ಕೊಳವೆಗಳ ಚೌಕಟ್ಟು, ತಂತಿ ಕಡ್ಡಿಗಳ ಮೂರು ಗಾಲಿ, ಸೀಟಿನ ಹಿಂದೆ ಒಂದೇ ಸಿಲಿಂಡರಿನ ಎಂಜಿನ್ನು, ಅದರ ಕೆಳಗೆ ಬೀಸುವ ಕಲ್ಲಿನಂತೆ ಅಡ್ಡಲಾಗಿ ಮಲಗಿದ ಒಂದು ದೊಡ್ಡ ಫ್ಲೈವೀಲು. ಒಂದು ಕುದುರೆಯ ಮುಕ್ಕಾಲು ಪಾಲು ಶಕ್ತಿ. ಗಂಟೆಗೆ 16 ಕಿಲೋಮೀಟರ್. ರಾಗಿ ಬೀಸುವ ಅಜ್ಜಿ ಕಲ್ಲಿನ ಗೂಟ ಹಿಡಿದು ಮೊದಲ ಸುತ್ತಿಗೆ ಮೈಯ ಭಾರವನ್ನೆಲ್ಲ ಕೊಟ್ಟು, ಆಮೇಲೆ ಕಲ್ಲಿನ ಓಟಕ್ಕೆ ತಾನೇ ಒಲಿದುಬಿಡುತ್ತಿದ್ದಳಲ್ಲ, ಹಾಗೆ ಆ ಫ್ಲೈವೀಲನ್ನು ಕೈಯಿಂದ ತಿರುವಿ ಎಂಜಿನ್ನನ್ನು ಎಬ್ಬಿಸಬೇಕಿತ್ತು.

ಯಂತ್ರ ಸಿದ್ಧವಾಗಿತ್ತು, ಕೊಳ್ಳುವವರಿರಲಿಲ್ಲ. ಅಂಜುಬುರುಕ ಗಂಡ ಇನ್ನೂ ಒಂದು ತಿದ್ದುಪಡಿ, ಮತ್ತೊಂದು ತಿದ್ದುಪಡಿ ಎಂದು ಅದನ್ನು ಕೊಟ್ಟಿಗೆಯ ಸುತ್ತಮುತ್ತಲೇ ಮೇಯಿಸುತ್ತಿದ್ದ. 1888ರ ಆಗಸ್ಟ್ ತಿಂಗಳ ಒಂದು ನಸುಕಿನಲ್ಲಿ, ಅವನು ಇನ್ನೂ ನಿದ್ದೆಯಲ್ಲಿದ್ದಾಗ, ಮೂವತ್ತೊಂಬತ್ತು ವರ್ಷದ ಬೆರ್ಟಾ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟಳು. ಸದ್ದಿಗೆ ಅವನು ಎದ್ದಾನೆಂದು ಮೂವರೂ ಗಾಡಿಯನ್ನು ತಳ್ಳಿಕೊಂಡೇ ಒಂದಷ್ಟು ದೂರ ಹೋದರಂತೆ. ಆ ತಳ್ಳಿದ ದೂರ ಎಷ್ಟೋ, ಅಲ್ಲಿ ಇಬ್ಬನಿ ಇತ್ತೋ ಇಲ್ಲವೋ. ನನ್ನ ಮನಸ್ಸು ಮಾತ್ರ ಆ ದಾರಿಯಲ್ಲಿ ಬಹಳ ಹೊತ್ತು ಸುತ್ತುತ್ತದೆ. ಲೋಕವನ್ನೇ ಸದ್ದಿನಿಂದ ತುಂಬಲಿದ್ದ ಒಂದು ವಸ್ತು ಹೀಗೆ ತುದಿಗಾಲಲ್ಲಿ, ಉಸಿರು ಬಿಗಿಹಿಡಿದು, ಒಬ್ಬ ತಾಯಿ ಮತ್ತು ಇಬ್ಬರು ಹುಡುಗರ ಕೈಗಳ ಒತ್ತಿಗೆ ಮಾತ್ರ ಓಗೊಡುತ್ತ ಮನೆಯಿಂದ ಆಚೆ ಬಂತು.

ಪ್ಫೋರ್ಟ್ಸ್‌ಹೈಮಿಗೆ ಸುಮಾರು 105 ಕಿಲೋಮೀಟರ್. ಅಷ್ಟು ದೂರ ಮೋಟಾರಿನಲ್ಲಿ ಅದುವರೆಗೆ ಯಾರೂ ಹೋದದ್ದಿಲ್ಲ. ಇದ್ದದ್ದು ಚಕ್ಕಡಿಯ ಜಾಡುಗಳು, ಕೇಳಿದರೆ ದಾರಿ ಹೇಳುವ ಊರುಗಳು. ಕಾದ ಎಂಜಿನ್ನಿನ ನೀರು ಹಬೆಯಾಗಿ ಹಾರಿಹೋಗುತ್ತಿತ್ತು, ಬಾವಿ ಕಂಡಲ್ಲಿ ಹಳ್ಳ ಕಂಡಲ್ಲಿ ಇಳಿದು ಕುಡಿಸಬೇಕಿತ್ತು, ಎತ್ತಿಗೆ ಕುಡಿಸಿದ ಹಾಗೆ. ಉರಿಯಲು ಬೇಕಾದ ಲಿಗ್ರೋಯಿನ್ ಮುಗಿಯಿತು. ವೀಸ್‌ಲೋಖ್ ಊರಿನ ಔಷಧಿ ಅಂಗಡಿಯಲ್ಲಿ, ಬಟ್ಟೆಯ ಕಲೆ ತೆಗೆಯಲೆಂದು ಇಟ್ಟಿದ್ದ ಅದನ್ನೇ ಆಕೆ ಕೊಂಡಳು. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಇವತ್ತಿಗೂ ಆ ಅಂಗಡಿಗೆ ಹೆಸರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳು. ಕಿಡಿ ಹರಿಯುವ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಸರಪಳಿಯನ್ನು ಕಮ್ಮಾರನೊಬ್ಬ ಸರಿಮಾಡಿಕೊಟ್ಟ. ಮರದ ಬ್ರೇಕು ಸವೆದು ಹಿಡಿಯದಾದಾಗ ಜೋಡು ಹೊಲಿಯುವವನೊಬ್ಬನಿಂದ ಅದಕ್ಕೆ ಚರ್ಮ ಹೊಡೆಸಿದಳು. ಬ್ರೇಕಿನ ಪಟ್ಟಿ ಎನ್ನುವುದು ಹುಟ್ಟಿದ್ದು ಅಲ್ಲಿ. ಏರು ಬಂದಾಗ ಎಂಜಿನ್ನು ಸೋತಿತು, ಮಕ್ಕಳು ಇಳಿದು ತಳ್ಳಿದರು. ಆ ಏರಿನ ಏದುಸಿರೇ ಮುಂದೆ ಗಾಡಿಗೆ ಒಂದು ಹೆಚ್ಚಿನ ಗೇರಾಗಿ ಬಂತು. ಕತ್ತಲಾಗುವ ಹೊತ್ತಿಗೆ ತವರು ಸಿಕ್ಕಿತು; ತಲುಪಿದೆವೆಂದು ಗಂಡನಿಗೆ ತಂತಿ ಹೋಯಿತು.

ಸೂಜಿ, ಪಟ್ಟಿ, ಚರ್ಮ, ನೀರು, ಕಲೆ ತೆಗೆಯುವ ದ್ರಾವಣ. ಒಂದು ಮನೆಯ ಹೆಂಗಸಿನ ಮೈಮೇಲೂ ಕೈಚೀಲದಲ್ಲೂ ದಾರಿಬದಿಯ ಕಸುಬುದಾರರ ಅಂಗಡಿಗಳಲ್ಲೂ ಇದ್ದ ಇಷ್ಟೇ ಇಷ್ಟು ವಸ್ತುಗಳು ಒಂದು ಹಗಲಿನ ಮಟ್ಟಿಗೆ ಒಂದಾಗಿ ಬಂದು ಆ ಯಂತ್ರದ ಕೈಹಿಡಿದು ನಡೆಸಿದವು.

ನೆಕರ್ ನದಿಯನ್ನು ನಾನು ಭೂಪಟದ ಮೇಲೆ ಬೆರಳಿಟ್ಟು ಎಷ್ಟೋ ಸಲ ಹಿಂಬಾಲಿಸಿದ್ದೇನೆ. ಕನ್ನಡದವರಿಗೆ ಆ ನೀರು ಪೂರ್ತಿ ಪರಕೀಯವಲ್ಲ. ಮೇಲುಹೊಳೆಯಲ್ಲಿ ಟ್ಯೂಬಿಂಗೆನ್, ನಮ್ಮ ಮಾತಿನ ಸಾವಿರಾರು ಪದಗಳನ್ನು ಆಯ್ದು ಅಕ್ಕಿ ಕೇರಿದಂತೆ ಕೇರಿ 1894ರಲ್ಲಿ ನಿಘಂಟು ಕೊಟ್ಟ ಕಿಟ್ಟೆಲ್ 1903ರಲ್ಲಿ ಕಣ್ಮುಚ್ಚಿದ್ದು ಅಲ್ಲಿ. ಅದೇ 1894ರಲ್ಲಿ ಕೆಳಹೊಳೆಯ ಮಾನ್‌ಹೈಮಿನಿಂದ ಬೆಂಜ್ ವೆಲೋ ಎಂಬ ಪುಟ್ಟ ಕಾರು ಒಂದರ ಹಿಂದೊಂದಾಗಿ ಹೊರಬೀಳತೊಡಗಿತ್ತು. ಟ್ಯೂಬಿಂಗೆನ್ ದಾಟಿ ಇನ್ನಷ್ಟು ಹರಿದರೆ ಎಸ್ಲಿಂಗೆನ್. ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ತನ್ನ ಕೊನೆಯ ದಿನಗಳನ್ನು ಕಳೆದು 1881ರಲ್ಲಿ ತೀರಿಕೊಂಡ ಊರು. ಅದರ ಮರುವರ್ಷ, ಅಲ್ಲಿಂದ ಹೆಚ್ಚು ದೂರವಲ್ಲದ ಕಾನ್‌ಷ್ಟಾಟ್‌ನಲ್ಲಿ, ಬ್ರೆಡ್ ಸುಡುವವನ ಮಗ ಗಾಟ್ಲೀಬ್ ಡೈಮ್ಲರ್ ಒಂದು ಮನೆ ಕೊಂಡು, ಅದರ ತೋಟದ ಗಾಜಿನ ಮನೆಯನ್ನು ಹಿಗ್ಗಿಸಿ ವರ್ಕ್‌ಶಾಪು ಮಾಡಿಕೊಂಡ. ಜೊತೆಗೆ ಅನಾಥಾಶ್ರಮದಲ್ಲಿ ಬೆಳೆದ ವಿಲ್ಹೆಲ್ಮ್ ಮೇಬಾಕ್. ರಾತ್ರಿಯಿಡೀ ಬಾಗಿಲು ಹಾಕಿಕೊಂಡು ಅದೇನು ಕುಟ್ಟುತ್ತಾರೆಂದು ತೋಟಗಾರನಿಗೆ ಗುಮಾನಿ ಬಂದು, ಖೋಟಾ ನಾಣ್ಯ ಹೊಡೆಯುತ್ತಿದ್ದಾರೆಂದು ಪೊಲೀಸರನ್ನು ಕರೆತಂದನೆಂಬ ಕಥೆಯಿದೆ. ಒಳಗೆ ಸಿಕ್ಕಿದ್ದು ಎಂಜಿನ್ನಿನ ಬಿಡಿಭಾಗಗಳು. 1885ರಲ್ಲಿ ಅವರು ಕಟ್ಟಿದ ಎಂಜಿನ್ನಿಗೆ ಅಜ್ಜನ ಕಾಲದ ಎತ್ತರದ ಗಡಿಯಾರದ ಆಕಾರವಿತ್ತು, ಹೆಸರೂ ಹಾಗೆಯೇ ನಿಂತಿತು. ಕಾಲವನ್ನು ಅಳೆಯುವ ಯಂತ್ರದಂತೆ ಕಾಣುತ್ತಿದ್ದದ್ದು ದೂರವನ್ನು ತಿನ್ನಲು ಹೊರಟಿತ್ತು.

ಒಂದೇ ನದಿಯ ದಂಡೆ, ನಡುವೆ 100 ಕಿಲೋಮೀಟರ್ ಆಸುಪಾಸು. ಆದರೂ ಬೆಂಜ್ ಮತ್ತು ಡೈಮ್ಲರ್ ಒಮ್ಮೆಯೂ ಕೂತು ಮಾತಾಡಲಿಲ್ಲವಂತೆ. 1926ರಲ್ಲಿ ಇಬ್ಬರ ಕಂಪನಿಗಳೂ ಒಂದಾದಾಗ ಡೈಮ್ಲರ್ ತೀರಿಕೊಂಡು ಇಪ್ಪತ್ತಾರು ವರ್ಷವಾಗಿತ್ತು.

ಡೈಮ್ಲರ್ ಹೋದ 1900ರಲ್ಲೇ ಅವನ ಕಂಪನಿಯ ಕಾರಿಗೆ ಹೊಸ ಹೆಸರು ಬಂದದ್ದು. ಫ್ರಾನ್ಸಿನ ನೀಸ್ ಕಡಲತೀರದಲ್ಲಿ ನೆಲೆಸಿದ್ದ ಎಮಿಲ್ ಯೆಲಿನೆಕ್ ಎಂಬ ವೇಗದ ಹುಚ್ಚಿನ ಸಾಹುಕಾರ ಒಂದೇ ಸಲಕ್ಕೆ 36 ಕಾರು ಬೇಕೆಂದ, ತನ್ನ ಹತ್ತು ವರ್ಷದ ಮಗಳ ಹೆಸರನ್ನೇ ಇಡಬೇಕೆಂದ: ಮರ್ಸಿಡಿಸ್. ಸ್ಪ್ಯಾನಿಷ್ ಬೇರಿನ ಆ ಹೆಸರಿಗೆ ಕರುಣೆ, ಅನುಗ್ರಹ ಎಂದರ್ಥ. ಮೇಬಾಕ್ ರೂಪಿಸಿದ ಆ ಹೊಸ ಕಾರು ತಗ್ಗಾಗಿತ್ತು, ಉದ್ದವಾಗಿತ್ತು. ಮೊದಲ ಬಾರಿಗೆ ಕಾರು ಕುದುರೆಯ ನೆನಪನ್ನು ಮರೆತು ಕಾರಿನಂತೆ ಕಾಣಿಸಿತು. ಅದರ ಮುಖದಲ್ಲಿ ಜೇನಿನ ಎರಿಯಂಥ ರೇಡಿಯೇಟರು: ಆರು ಮಿಲಿಮೀಟರ್ ಚೌಕದ 8,070 ಪುಟ್ಟ ಕೊಳವೆಗಳು, ಒಂದೊಂದರೊಳಗಿಂದಲೂ ಗಾಳಿ, ಸುತ್ತಲೂ ತೆಳ್ಳಗೆ ಹರಿಯುವ ನೀರು. ಬಾವಿ ಬಾವಿಯಲ್ಲೂ ನಿಂತು ನೀರು ಕೇಳುತ್ತಿದ್ದ ಯಂತ್ರ ಈಗ ಗಾಳಿಯಿಂದಲೇ ತಂಪು ಕುಡಿಯಲು ಕಲಿತಿತ್ತು. ಕೈಮುಟ್ಟಿ ಬೆಸುಗೆ ಹಾಕಿದ ಆ ಸಾವಿರಾರು ಕಣ್ಣುಗಳನ್ನು ನೆನೆದಾಗ, ಮನೆಯ ಹಿತ್ತಲ ತುಡುವೆ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಬರುತ್ತಿದ್ದ ಆ ಬೆಚ್ಚನೆಯ ಮೊರೆತ ನನ್ನ ಕಿವಿಯಲ್ಲಿ ಏಳುತ್ತದೆ.

ಈ ಕಾರುಗಳ ಗುರುತಾದ ನಕ್ಷತ್ರದ್ದು ಇನ್ನೂ ಹಳೆಯ ಕಥೆ. ಡೈಮ್ಲರ್ ಹಿಂದೆ ಡಾಯ್ಟ್ಸ್ ಎಂಬಲ್ಲಿ ಕೆಲಸದಲ್ಲಿದ್ದಾಗ ಹೆಂಡತಿಗೆ ಕಳಿಸಿದ ಊರಿನ ಚಿತ್ರವೊಂದರಲ್ಲಿ, ತನ್ನ ಮನೆಯ ಮೇಲೆ ಒಂದು ನಕ್ಷತ್ರ ಬರೆದು, ಮುಂದೊಂದು ದಿನ ಇದು ನಮ್ಮದೇ ಕಾರ್ಖಾನೆಯ ಮೇಲೆ ಬೆಳಗೀತು ಎಂಬರ್ಥದ ಮಾತು ಬರೆದಿದ್ದನಂತೆ. ಅಪ್ಪ ಹೋದ ಮೇಲೆ ಮಕ್ಕಳಿಗೆ ಅದು ನೆನಪಾಯಿತು. 1909ರಲ್ಲಿ ಕಂಪನಿ ಅದನ್ನು ತನ್ನ ಗುರುತಾಗಿ ನೋಂದಾಯಿಸಿತು. ನೆಲ, ನೀರು, ಗಾಳಿ ಮೂರರಲ್ಲೂ ತನ್ನ ಎಂಜಿನ್ನು ಓಡಲಿ ಎಂಬ ಆಸೆಗೆ ಮೂರು ಮೊನೆ. ದೂರದಲ್ಲಿರುವ ಗಂಡ, ಮನೆಯಲ್ಲಿ ಪತ್ರಕ್ಕೆ ಕಾಯುವ ಹೆಂಡತಿ, ನಡುವೆ ಮಸಿಯ ಒಂದು ಚುಕ್ಕೆ.

ಆ ಚುಕ್ಕೆಯ ಮೇಲೆ ಕತ್ತಲೆಯೂ ಕವಿಯಿತು. ನಾಜಿ ಕಾಲದಲ್ಲಿ ಹಿಟ್ಲರ್ ನಿಂತು ಕೈಯೆತ್ತುತ್ತಿದ್ದದ್ದು ಈ ನಕ್ಷತ್ರದ ಕಾರುಗಳಲ್ಲೇ. 1944ರ ಹೊತ್ತಿಗೆ ಕಂಪನಿಯ ಕೆಲಸಗಾರರಲ್ಲಿ ಅರ್ಧದಷ್ಟು ಮಂದಿ ಬಲವಂತಕ್ಕೆ ಸಿಕ್ಕವರು, ಯುದ್ಧಕೈದಿಗಳು, ಶಿಬಿರಗಳಿಂದ ತಂದವರು. ಯೆಲಿನೆಕ್ ವಿಯೆನ್ನಾದ ಹೆಸರಾಂತ ಯಹೂದಿ ಧರ್ಮಗುರುವಿನ ಮಗ. ಯಹೂದಿಗಳನ್ನು ಬೇಟೆಯಾಡಿದವರು ಆ ಮನೆತನದ ಹುಡುಗಿಯೊಬ್ಬಳ ಹೆಸರಿನ ಮೇಲೆ, ಕರುಣೆ ಎಂಬ ಅರ್ಥದ ಮೇಲೆ, ಕೂತು ಓಡಾಡಿದರು. ಇದನ್ನು ಬರೆದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರಬೇಕೆನಿಸುತ್ತದೆ. ಆ ಹುಡುಗಿ ಅದನ್ನು ಕಾಣಲು ಉಳಿದಿರಲಿಲ್ಲ. 1929ರಲ್ಲಿ, ಕಾರ್ಲ್ ಬೆಂಜ್ ತೀರಿಕೊಂಡ ವರ್ಷವೇ, ವಿಯೆನ್ನಾದಲ್ಲಿ ಮೂವತ್ತೊಂಬತ್ತಕ್ಕೆ ಆಕೆಯ ಬದುಕು ಮುಗಿಯಿತು. ಬೆರ್ಟಾ ನಸುಕಿನಲ್ಲಿ ಗಾಡಿ ತಳ್ಳಿಕೊಂಡು ಹೊರಟ ಅದೇ ವಯಸ್ಸು. ಬೆರ್ಟಾ ಮಾತ್ರ ನೆಕರ್ ದಂಡೆಯ ಲಾಡೆನ್‌ಬುರ್ಗ್‌ನಲ್ಲಿ 1944ರ ಮೇ ತಿಂಗಳವರೆಗೆ, ತೊಂಬತ್ತೈದು ತುಂಬಿದ ಎರಡು ದಿನದವರೆಗೆ, ಎಲ್ಲವನ್ನೂ ಕಂಡಳು.

ಯುದ್ಧ ಮುಗಿದ ಮೇಲೆ ಆ ಕಾರ್ಖಾನೆಯಲ್ಲಿ ಬೇಲಾ ಬರೇನಿ ಎಂಬ ಎಂಜಿನಿಯರ್ ಒಂದು ವಿಚಿತ್ರ ಮಾತು ಹೇಳಿದ. ಕಾರು ಗಟ್ಟಿಯಿದ್ದಷ್ಟೂ ಒಳಗಿರುವವರು ಸುರಕ್ಷಿತ ಎಂದು ಲೋಕವೆಲ್ಲ ನಂಬಿದ್ದ ಕಾಲ. ಅವನೆಂದ, ಮುಂದೂ ಹಿಂದೂ ಮೆತ್ತಗಿರಲಿ, ಹೊಡೆತ ಬಿದ್ದಾಗ ಅವು ಮುದುಡಿ ಪೆಟ್ಟನ್ನೆಲ್ಲ ತಾವೇ ನುಂಗಲಿ, ನಡುವೆ ಜನ ಕೂರುವ ಗೂಡು ಮಾತ್ರ ಅಲುಗದಿರಲಿ. 1959ರಲ್ಲಿ ಅಂಥ ಕಾರು ರಸ್ತೆಗಿಳಿಯಿತು. ಐವತ್ತಡಿ ಮರದಿಂದ ಬಿದ್ದ ತೆಂಗಿನಕಾಯಿ ನೆಲದ ಮೇಲೆ ಎರಡು ಸಲ ಪುಟಿದು ಸುಮ್ಮನೆ ಮಲಗುವುದನ್ನು, ನಾರು ಜಜ್ಜಿಹೋದರೂ ಒಳಗಿನ ನೀರು ಅಲುಗಾಡುತ್ತ ಹಾಗೇ ಇರುವುದನ್ನು ಚಿಕ್ಕಂದಿನಿಂದ ಕಂಡವರಿಗೆ ಇದು ತಟ್ಟನೆ ಅರ್ಥವಾದೀತು. ತನ್ನನ್ನು ಮುರಿದುಕೊಂಡು ಒಳಗಿನದನ್ನು ಕಾಯಬೇಕೆಂದು ಲೋಹಕ್ಕೆ ಹೇಳಿಕೊಟ್ಟ ಕೈ ಎಂಥದ್ದಿರಬಹುದು! ಈ ಕಂಪನಿಯ ಇತಿಹಾಸದಲ್ಲಿ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲುಗಳ 1954ರ ಚೆಲುವೆಯೂ ಇದ್ದಾಳೆ, ಜನ ಅವಳನ್ನೇ ನೋಡುತ್ತಾರೆ; ನಾನು ಈ ಮುದುಡುವ ಮೂತಿಯ ಎದುರು ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಾನು ಆ ನಕ್ಷತ್ರವನ್ನು ಮೊದಲು ಕಂಡದ್ದು ಕಾರಿನ ಮೇಲಲ್ಲ, ಲಾರಿಯ ಹಣೆಯ ಮೇಲೆ. 1954ರಿಂದ ಹದಿನೈದು ವರ್ಷ ಟಾಟಾ ಕಂಪನಿ ಜರ್ಮನಿಯವರ ಜೊತೆಗೂಡಿ ಜಮ್‌ಶೆಡ್‌ಪುರದಲ್ಲಿ ಲಾರಿಗಳನ್ನು ಮಾಡಿತ್ತು. ಒಪ್ಪಂದ ಮುಗಿದು ಎಷ್ಟೋ ಕಾಲದ ಮೇಲೂ ಆ ಹಳೆಯ ಬೆಂಜ್ ಲಾರಿಗಳು ನಮ್ಮ ಘಟ್ಟದ ದಾರಿಗಳಲ್ಲಿ ಹಂಚು, ಅಡಿಕೆ, ಮರ ಹೊತ್ತು ಗೊಣಗುತ್ತ ಹತ್ತುತ್ತಿದ್ದವು. ಆಯುಧಪೂಜೆಯ ಹಿಂದಿನ ರಾತ್ರಿ ನೆರೆಮನೆಯ ಡ್ರೈವರ್ ಮಾವ ಅಂಥದ್ದೊಂದನ್ನು ಅಂಗಳದ ಅಂಚಿಗೆ ತಂದು ನಿಲ್ಲಿಸುತ್ತಿದ್ದರು. ಬೆಳಿಗ್ಗೆ ತೊಳೆದು, ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಗಾಲಿಗಳಡಿ ನಿಂಬೆಹಣ್ಣಿಟ್ಟು, ಕೊನೆಗೆ ಉಂಗುರ ಬೆರಳಿನಿಂದ ಆ ನಕ್ಷತ್ರದ ಮೂರೂ ಮೊನೆಗೆ ಒಂದೊಂದು ಕುಂಕುಮದ ಬೊಟ್ಟು ಇಡುತ್ತಿದ್ದರು. ಅದು ಯಾರು ಯಾರಿಗೆ ಬರೆದ ಕಾಗದದ ಗುರುತೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಇರಲಿಲ್ಲ.

ಅದಕ್ಕಿಂತ ನೆನಪಿರುವುದು ಆ ಹಿಂದಿನ ರಾತ್ರಿ. ಲಾರಿ ಬಂದು ನಿಂತು, ಎಂಜಿನ್ನು ಆರಿ, ಅಂಗಳಕ್ಕೆ ಮತ್ತೆ ಜೀರುಂಡೆಗಳ ಸದ್ದು ಮರಳಿದ ಮೇಲೆ, ನಾನು ಮೆಲ್ಲನೆ ಹೋಗಿ ಬಾನೆಟ್ಟಿಗೆ ಕಿವಿ ಹತ್ತಿರ ಹಿಡಿಯುತ್ತಿದ್ದೆ. ಒಳಗೆ ತಣಿಯುತ್ತಿರುವ ಕಬ್ಬಿಣ ತನ್ನಷ್ಟಕ್ಕೆ ಏನೋ ಹೇಳಿಕೊಳ್ಳುತ್ತಿತ್ತು, ಟಿಕ್, ಸ್ವಲ್ಪ ಬಿಟ್ಟು ಟಿಕ್, ಇನ್ನೂ ಸ್ವಲ್ಪ ಬಿಟ್ಟು ಮತ್ತೊಂದು. "ಮುಟ್ಟಬೇಡ ಮಗಾ, ಇನ್ನೂ ಬಿಸಿ ಇದೆ" ಎನ್ನುತ್ತಿದ್ದರು ಮಾವ ಜಗುಲಿಯಿಂದ. ಮುಟ್ಟುತ್ತಿರಲಿಲ್ಲ. ಮುಂದಿನ ಟಿಕ್ಕಿಗೆ ಕಾಯುತ್ತ ನಿಂತಿರುತ್ತಿದ್ದೆ, ಅಮ್ಮ ಊಟಕ್ಕೆ ಕರೆಯುವವರೆಗೂ.