ಶಿಖರವೂ ಸಹಯಾತ್ರಿಯೂ

ವಿಜಯದಶಮಿಯಂದು ಊರ ಗಡಿಯನ್ನು ದಾಟಿ, ಬನ್ನಿಯನ್ನು ಪೂಜಿಸಿ, ಮರಳಿ ಬಂದು ಬಂಧುಮಿತ್ರರಿಗೆ ‘ಬಂಗಾರ’ ಹಂಚುವ ಪದ್ಧತಿ ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಉಂಟು. ಸೀಮೋಲ್ಲಂಘನವೆನಿಸಿದ ಈ ಆಚರಣೆಯಲ್ಲಿ ಗಡಿ ದಾಟುವುದು ಎಷ್ಟು ಮುಖ್ಯವೋ, ದಾಟಿದವನು ಹಿಂದಿರುಗಿ ಮನೆಯಲ್ಲುಳಿದ ಹಿರಿಯರ ಕೈಯಲ್ಲಿ ಎಲೆಯನ್ನಿರಿಸುವುದೂ ಅಷ್ಟೇ ಮುಖ್ಯವಾದುದು. ಬೆಟ್ಟವನ್ನೇರುವವರಿಗೂ ಈ ಮಾತು ಅನ್ವಯಿಸುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪುಣೆಯ ನೈಋತ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 1300 ಮೀಟರ್ ಎತ್ತರದಲ್ಲಿ ಸಿಂಹಗಡವಿದೆ. ಮೇಲಿನವರೆಗೆ ವಾಹನದ ದಾರಿಯಿದ್ದರೂ ರಜೆಯ ದಿನಗಳಲ್ಲಿ ನಸುಕಿನಲ್ಲಿಯೇ ಕಾಲ್ದಾರಿ ಹಿಡಿಯುವವರು ಅನೇಕರು. ಅವರಲ್ಲಿ ಐವರು ಗೆಳೆಯರನ್ನು ಕಲ್ಪಿಸಿಕೊಳ್ಳೋಣ. ಅರ್ಧದಾರಿಯಲ್ಲಿ ಅವರಲ್ಲೊಬ್ಬನಿಗೆ ಏದುಸಿರು ಬರುತ್ತದೆ, ಮೊಣಕಾಲು ಸೋಲುತ್ತದೆ. ಬಂಡೆಯೊಂದರ ಮೇಲೆ ಕುಳಿತು ಅವನು, “ನೀವು ಮುಂದ ನಡೀರಿ, ನಾ ಇಲ್ಲೇ ಕೂಡತೀನಿ” ಎನ್ನುತ್ತಾನೆ. ಉಳಿದ ನಾಲ್ವರ ಧರ್ಮವೇನು?

ಮುಂದೆ ಸಾಗುವುದೇ ಸರಿಯೆಂಬುವರು ಮಹಾಪ್ರಸ್ಥಾನವನ್ನು ಸಾಕ್ಷಿಗೆ ಕರೆಯುತ್ತಾರೆ. (ಕುಮಾರವ್ಯಾಸನು ಹತ್ತು ಪರ್ವಗಳಿಗೇ ತನ್ನ ಕಾವ್ಯವನ್ನು ನಿಲ್ಲಿಸಿದುದರಿಂದ ನಮ್ಮ ಗಮಕ ಗೋಷ್ಠಿಗಳಲ್ಲಿ ಈ ಭಾಗ ಕಿವಿಗೆ ಬೀಳುವುದು ಅಪರೂಪ, ಶೇಷ ಪರ್ವಗಳನ್ನು ಕನ್ನಡಿಸಿದವನು ತಿಮ್ಮಣ್ಣ ಕವಿ.) ದ್ರೌಪದಿ ಬಿದ್ದಳು, ಬಳಿಕ ಸಹದೇವ, ನಕುಲ, ಅರ್ಜುನ, ಕಡೆಗೆ ಭೀಮ. ಧರ್ಮರಾಜನು ಹಿಂದಿರುಗಿ ನೋಡಲಿಲ್ಲ. ಏರುವವನು ಒಬ್ಬನೇ, ಕರ್ಮಫಲ ಅವರವರದು ಎಂಬ ತೀರ್ಮಾನಕ್ಕೆ ಇದಕ್ಕಿಂತ ಬೇರೆ ಆಧಾರ ಬೇಕೆ?

ಆದರೆ ಕಥೆಯನ್ನು ಅರ್ಧದಲ್ಲಿ ಮುಚ್ಚಿದವರ ವಾದವಿದು. ಇಂದ್ರನು ರಥವನ್ನು ತಂದಾಗ ಅದೇ ಧರ್ಮರಾಜನು ಬೆನ್ನಹಿಂದೆ ಬಂದ ನಾಯಿಯನ್ನು ಬಿಟ್ಟು ಹತ್ತಲೊಲ್ಲೆನೆಂದನು. ತಮ್ಮಂದಿರನ್ನು ಬಿಟ್ಟವನಿಗೆ ನಾಯಿಯ ಮೇಲೇಕೆ ಈ ಮೋಹವೆಂದು ಇಂದ್ರನು ಕೇಳಿದ್ದಕ್ಕೆ ಅವನಿತ್ತ ಉತ್ತರವೇ ಇಲ್ಲಿ ಮನನೀಯ. ಅವರು ಮಡಿದಿದ್ದರು, ಅವರನ್ನು ಬದುಕಿಸುವುದು ತನ್ನಿಂದಾಗದ ಕಾರ್ಯ. ಜೀವಂತರಾಗಿದ್ದಾಗ ತಾನವರನ್ನು ತೊರೆದವನಲ್ಲ ಎಂಬುದು ಆ ಉತ್ತರದ ತಾತ್ಪರ್ಯ. ಹಿಂದಿರುಗಿ ನೋಡದಿರುವ ಅಧಿಕಾರ ಅವನಿಗೆ ದೊರೆತುದು ಮಾಡಬಹುದಾದುದೇನೂ ಉಳಿಯದಿದ್ದಾಗ ಮಾತ್ರ. ಬಂಡೆಯ ಮೇಲೆ ಕುಳಿತ ಗೆಳೆಯನಾದರೋ ಉಸಿರಾಡುತ್ತಿದ್ದಾನೆ. ಅವನಿಗೆ ನೀರು ಬೇಕು, ನೆರಳು ಬೇಕು, ಪಕ್ಕದಲ್ಲೊಬ್ಬರು ಬೇಕು.

ಸಿಂಹಗಡವೂ ಈ ವಿಷಯದಲ್ಲಿ ಮೂಕವಾಗಿಲ್ಲ. 1670ರ ಫೆಬ್ರವರಿಯ ರಾತ್ರಿ ತಾನಾಜಿ ಮಾಲುಸರೆ ಈ ಕೋಟೆಯನ್ನೇರಿ ಹೋರಾಡಿ ಮಡಿದನು, ಕೋಟೆ ಕೈಸೇರಿತು. ಸುದ್ದಿ ಕೇಳಿದ ಶಿವಾಜಿ ಮಹಾರಾಜರು ಗಡ ಬಂದರೂ ಸಿಂಹ ಹೋಯಿತೆಂದು ಮರುಗಿದರೆಂಬ ಐತಿಹ್ಯ ಮನೆಮಾತಾಗಿದೆ. ಗೆಲವಿನ ಗಳಿಗೆಯಲ್ಲಿ ದೊರೆಯ ಕಣ್ಣು ಗಡವನ್ನಲ್ಲ, ಬಾರದ ಗೆಳೆಯನನ್ನು ಹುಡುಕಿತು. ಇಂದು ಮೇಲೆ ತಲುಪಿದವರು ದರ್ಶನ ಪಡೆಯುವುದು ಮರಳಿ ಇಳಿಯದವನ ಸ್ಮಾರಕವನ್ನೇ.

ಹಾಗೆಂದು ಐವರೂ ಹಿಂದಿರುಗಬೇಕೆಂದೇನೂ ಅಲ್ಲ. ತನ್ನಿಂದ ಇತರರ ದಿನ ಕೆಟ್ಟಿತೆಂಬ ಸಂಕೋಚ ಮೊಣಕಾಲಿನ ನೋವಿಗಿಂತ ತೀಕ್ಷ್ಣವಾದುದು. ಅದನ್ನು ಅರಿಯದ ಕರುಣೆಯೂ ಒಂದು ಬಗೆಯ ಅಹಂಕಾರವೇ ಸರಿ. ಒಬ್ಬನುಳಿದರೆ ಸಾಕು. ಆದರೆ ಉಳಿಯುವ ರೀತಿಯಲ್ಲಿ ಪರೀಕ್ಷೆಯಿದೆ. ಗಳಿಗೆಗೊಮ್ಮೆ ಶಿಖರದತ್ತ ಕತ್ತೆತ್ತಿ ನಿಟ್ಟುಸಿರಿಡುವವನು ಬಂಡೆಯ ಬಳಿ ಕುಳಿತಿದ್ದರೂ ಗೆಳೆಯನನ್ನು ಆಗಲೇ ತೊರೆದಿದ್ದಾನೆ. ಗಂಟು ಬಿಚ್ಚಿ ಭಾಕರಿ ಹಂಚಿಕೊಂಡು, ಬಾಲ್ಯದ ಊರಿನ ಸುದ್ದಿ ತೆಗೆದು, ತಾನೂ ದಣಿದಿದ್ದೆನೆಂದು ನಗುವವನು ಉಪಕಾರದ ಭಾರವನ್ನು ಹೊರಿಸುವುದಿಲ್ಲ. ಅಂಥವನಿಗೆ ಆ ದಿನ ಶಿಖರ ತಪ್ಪಿತೆಂದು ಹೇಳುವುದು ಕಷ್ಟ.

ಮಧ್ಯಾಹ್ನ ಇಳಿದು ಬರುವ ಮೂವರ ಕೈಯಲ್ಲಿ ಮೇಲೆ ಮಾರುವ ಮೊಸರಿನ ಎರಡು ಪುಟ್ಟ ಕುಡಿಕೆಗಳು. ದಾರಿಯುದ್ದಕ್ಕೂ ಚೆಲ್ಲದಂತೆ ಹಿಡಿದು ತಂದವು. ಬಂಡೆಯ ಬಳಿ ಮಾತು ಇನ್ನೂ ಮುಗಿದಿರುವುದಿಲ್ಲ.