ಮನೆಮಾತು ಮತ್ತು ಮೇಷ್ಟರು

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕಂಪ್ಯೂಟರಿಗೆ ಬಂದಿದೆ, ಮಾತು ಮಾತ್ರ ಹಳೆಯದೇ. ಗೂಡು ತಂದ ರೈತನದು ತೆಲುಗು, ರೀಲರ್ ಸಾಹೇಬರದು ದಖ್ಖನಿ ಉರ್ದು, ಚೀಟಿ ಬರೆಯುವುದು ಕನ್ನಡದಲ್ಲಿ. ನಡುವೆ ದುಭಾಷಿ ಯಾರೂ ಇಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದ ಸಂತಕವಿ ತಾತಯ್ಯನವರೂ ತೆಲುಗು, ಕನ್ನಡ ಎರಡರಲ್ಲೂ ಹಾಡಿದವರೇ.

ಇಂಥ ಸೀಮೆಯ ಮಕ್ಕಳು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದಾಗ ಮನೆಮಾತನ್ನು ಹೊಸಿಲಲ್ಲೇ ಬಿಟ್ಟು ಬರುತ್ತಾರೆ. ಗೌರಿಬಿದನೂರು ಕಡೆಯ ಕೊರಚರ ಹುಡುಗನನ್ನೋ ಲಂಬಾಣಿ ಹುಡುಗಿಯನ್ನೋ ಮನೆಮಾತು ಯಾವುದೆಂದು ಕೇಳಿ ನೋಡಿ, "ಕನ್ನಡ ಸಾರ್" ಎಂಬ ಉತ್ತರ ತಟ್ಟನೆ ಬರುತ್ತದೆ. ಆ ಅವಸರದಲ್ಲಿ ಅಂಜಿಕೆಯಿದೆ. ಅತ್ತ ಮಾನವಶಾಸ್ತ್ರದ ಮೇಷ್ಟರು ಬುಡಕಟ್ಟಿನ ನುಡಿ ಹುಡುಕಿಕೊಂಡು ಕಾಡಿಗೆ ಹೊರಟಿರುತ್ತಾರೆ!

ಕಾಡಿಗೆ ಹೋಗಬಾರದೆಂದಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕರಾವಳಿಯ ಕೊರಗ ಬುಡಕಟ್ಟಿನವರ ನುಡಿಯನ್ನು ಕೇಳಿ ಬರೆದ ಪುಸ್ತಕ 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂತು. ದೊಡ್ಡ ಕೆಲಸ ಅದು. ಆದರೆ ಇಂಗ್ಲಿಷಿನ ಆ ಪುಸ್ತಕ ಎಷ್ಟು ಕೊರಗರ ಮನೆ ತಲುಪೀತು? ಇಂಥ ಪ್ರಶ್ನೆ ಅವರೊಬ್ಬರದಲ್ಲ, ಇಡೀ ಶಾಸ್ತ್ರದ್ದು. ಮುಂದೆ ಭಟ್ಟರೇ ಮಹಾಪ್ರಾಣಗಳನ್ನು ಬಿಟ್ಟು, ಸಾಮಾನ್ಯರೂ ಓದಬಲ್ಲ ಕನ್ನಡದಲ್ಲಿ ಬರೆಯತೊಡಗಿದರು. ಅವರ ಬರಹದ ರೀತಿಯನ್ನು ಒಪ್ಪದವರು ಬಹಳ ಮಂದಿ. ನನಗಂತೂ ಅದು ವಿದ್ವಾಂಸ ಸಾಲ ತೀರಿಸಿದ ಬಗೆಯಾಗಿ ಕಾಣುತ್ತದೆ.

ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ 1969ರಲ್ಲಿ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದವು. ಇಷ್ಟಾದರೂ 1971ರ ಜನಗಣತಿಯಿಂದೀಚೆಗೆ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ನುಡಿಗಳು ಹೆಸರಿಲ್ಲದೆ 'ಇತರೆ'ಯಲ್ಲಿ ಸೇರಿಹೋಗುತ್ತಿವೆ. ಸರ್ಕಾರ ಎಣಿಸದ್ದನ್ನು ತರಗತಿಯಾದರೂ ಕೇಳಿಸಿಕೊಳ್ಳಬೇಕಲ್ಲವೆ? ಅಜ್ಜಿಯ ಮಾತನ್ನು ಬರೆದುಕೊಂಡು ಹೋದವನಿಗೆ ಪಿಎಚ್.ಡಿ., ಬಡ್ತಿ, ಸಂಬಳ. ಅಜ್ಜಿ ಮಾತ್ರ ಪುಸ್ತಕದಲ್ಲಿ 'ವಕ್ತೃ', ಹೆಸರೂ ಇಲ್ಲ. ಶಾಸ್ತ್ರದ ಶಿಸ್ತು ಎಂದು ಇದನ್ನು ಸಮರ್ಥಿಸುವವರಿದ್ದಾರೆ, ನಾನು ಒಪ್ಪಲಾರೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಕಾಲೇಜುಗಳಲ್ಲಿ ಪಾಠ ಹೇಳುವ ಮಿತ್ರರಲ್ಲಿ ಒಂದು ಕೋರಿಕೆ. ಮೊದಲ ದಿನವೇ ನಿಮ್ಮ ಮನೆಯಲ್ಲಿ ಯಾವ ಮಾತು ಎಂದು ಕೇಳಿ, ನಿಮ್ಮ ಮನೆಯದನ್ನೂ ಹೇಳಿ. ಮಕ್ಕಳು ಅಜ್ಜ ಅಜ್ಜಿಯರಿಂದ ಕಥೆ ಬರೆದು ತಂದರೆ ಅದಕ್ಕೆ ಅಂಕ ಕೊಡಿ. ಹೇಳಿದವರು ಒಪ್ಪಿದರೆ ಅವರ ಹೆಸರನ್ನು ಮೊದಲ ಪುಟದಲ್ಲೇ ಹಾಕಿ, ಒಂದು ಪ್ರತಿಯನ್ನು ಅವರ ಮನೆಗೆ ತಲುಪಿಸಿ.