ನಿಃಶುಲ್ಕ ವಿದ್ಯೆಯ ಋಣ

ಬೆಲೆಯಿಲ್ಲದೆ ದೊರೆತ ವಿದ್ಯೆಗೆ ಋಣವೆಂಬದು ಉಂಟೋ ಇಲ್ಲವೋ? ಈ ಪ್ರಶ್ನೆಯು ಕೇವಲ ತರ್ಕವಿನೋದಕ್ಕಾಗಿ ಹುಟ್ಟಿದ್ದಲ್ಲ. ಕಳೆದ ಮಳೆಗಾಲದಲ್ಲಿ ನನ್ನಿಂದಲೇ ನಡೆದುಹೋದ ಒಂದು ಸಣ್ಣ ಅಕಾರ್ಯವು ಇದನ್ನು ನನ್ನೆದುರಿಗೆ ತಂದು ನಿಲ್ಲಿಸಿತು.

2001ರಲ್ಲಿ ಅಮೆರಿಕೆಯ ಎಂ.ಐ.ಟಿ. ವಿದ್ಯಾಪೀಠವು ತನ್ನ ಪಾಠಗಳನ್ನು ಅಂತರ್ಜಾಲದಲ್ಲಿ ಸರ್ವರಿಗೂ ತೆರೆದಿಡುವದಾಗಿ ಸಾರಿತು. 2003ರಲ್ಲಿ ನಮ್ಮ ದೇಶದ ಏಳು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ, ಕೇಂದ್ರ ಸರಕಾರದ ದ್ರವ್ಯದಿಂದ, ಎನ್‌ಪಿಟೆಲ್ ಎಂಬ ಇಂಥದೇ ಕಾರ್ಯವನ್ನು ಕೈಕೊಂಡವು. ಪಾಠ ಕೇಳುವದಕ್ಕೆ ಶುಲ್ಕವಿಲ್ಲ. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಉಂಟು. ಚೆನ್ನೈ ಗಣಿತ ಸಂಸ್ಥೆಯ ಮಾಧವನ್ ಮುಕುಂದರಂಥವರು ಬೋಧಿಸುವ ಗಣಕಶಾಸ್ತ್ರವನ್ನು ಮಾಳಮಡ್ಡಿಯ ಪಡಸಾಲೆಯಲ್ಲಿ ಕುಳಿತ ಮುದುಕನೂ ಕೇಳಬಹುದು. ಧಾರವಾಡಕ್ಕೇ 2016ರಲ್ಲಿ ಐ.ಐ.ಟಿ. ಬಂದಿತು ನಿಜ, ಆದರೆ ಅದರ ಬಾಗಿಲಲ್ಲಿ ಪ್ರವೇಶಪರೀಕ್ಷೆಯು ನಿಂತಿದೆ. ಇದಕ್ಕೆ ಬಾಗಿಲೇ ಇಲ್ಲ.

ಪಾಠಶಾಲೆಯಲ್ಲಿ ಬೆಳೆದ ನನಗೆ ಈ ಶಾಸ್ತ್ರವು ತೀರ ಪರಕೀಯವೆನಿಸಲಿಲ್ಲ. ಒಂದು ಸೂತ್ರದ ಪದವು ಮುಂದಿನ ಸೂತ್ರಗಳಿಗೆ ಅನುವರ್ತಿಸುವ ಬಗೆಯನ್ನು ಬಾಲ್ಯದಲ್ಲಿ ಉರುಹಾಕಿದವನಿಗೆ ನಿಯಮಗಳ ಕಟ್ಟುನಿಟ್ಟು ಹೊಸದಲ್ಲ. (1967ರಲ್ಲಿ ಇಂಗರ್ಮನ್ ಎಂಬ ವಿದ್ವಾಂಸನು, ಗಣಕಭಾಷೆಗಳ ವ್ಯಾಕರಣವನ್ನು ಬರೆಯುವ ಬ್ಯಾಕಸ್ ಪದ್ಧತಿಗೆ ಪಾಣಿನಿಯ ಹೆಸರನ್ನು ಜೋಡಿಸಬೇಕೆಂದು ಸೂಚಿಸಿದ್ದನು. ನಮ್ಮವರು ಇದನ್ನು ಕೇಳಿ ವಿಪರೀತ ಹಿಗ್ಗುವರು. ಹಿಗ್ಗಿದವರಲ್ಲಿ ಅಷ್ಟಾಧ್ಯಾಯಿಯನ್ನು ಓದಿದವರು ವಿರಳ.)

ಒಂದು ವಾರದ ಪಾಠವು ಶೋಧನಕ್ರಮದ್ದು. ಕಿಟ್ಟೆಲರು 1894ರಲ್ಲಿ ಪ್ರಕಟಿಸಿದ ಕೋಶದಲ್ಲಿ ಸುಮಾರು 70,000 ಶಬ್ದಗಳಿವೆ. ಮೊದಲಿನಿಂದ ಒಂದೊಂದಾಗಿ ನೋಡುತ್ತ ಹೋದರೆ ಆಯುಷ್ಯ ಸವೆದೀತು. ನಡುವೆ ತೆರೆದು, ಬೇಕಾದ ಶಬ್ದವು ಹಿಂದಿದೆಯೋ ಮುಂದಿದೆಯೋ ಎಂದು ನೋಡಿ, ಬೇಡದ ಅರ್ಧವನ್ನು ಬಿಡುತ್ತ ಬಂದರೆ ಹದಿನೇಳು ನೋಟಗಳೊಳಗೆ ಶಬ್ದವು ಸಿಕ್ಕೇ ತೀರುವದು. ಇದನ್ನು ಪೈಥಾನ್ ಭಾಷೆಯಲ್ಲಿ ಬರೆಯಲು ಹೊರಟೆನು. ನನ್ನ ಪ್ರೋಗ್ರಾಮು ಎಲ್ಲ ಶಬ್ದಗಳನ್ನೂ ಹುಡುಕಿತು. ಕಟ್ಟಕಡೆಯದೊಂದನ್ನು ಮಾತ್ರ ಕಾಣದಾಯಿತು. ಮೂರು ರಾತ್ರಿ ಹೆಣಗಿದೆನು. ಗಡುವಿನ ದಿನ, ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಮ್ಮನ ಮಗನು ಸಿದ್ಧ ಉತ್ತರವೊಂದನ್ನು ಕಳಿಸಿದನು. ಅದನ್ನೇ ಒಪ್ಪಿಸಿಬಿಟ್ಟೆನು. ಪೂರ್ಣ ಅಂಕಗಳು ಬಂದವು. ನಕಲು ಮಾಡಿದ ಹುಡುಗರನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ ಮಾಸ್ತರನಿಗೆ!

ನನ್ನ ಕಳವಳವನ್ನು ಕಂಡು ಹುಡುಗನು ನಕ್ಕನು: “ದೊಡ್ಡಪ್ಪಾ, ನೀವು ಒಂದು ಪೈಸಾನೂ ಕೊಟ್ಟಿಲ್ಲ, ನೌಕರಿನೂ ಕೇಳಾಂಗಿಲ್ಲ. ಯಾರಿಗೆ ಮೋಸ ಆತು?”

ಈ ಪೂರ್ವಪಕ್ಷವು ಬಲವಾದುದು. ದ್ರವ್ಯದ ವಿಷಯದಲ್ಲಿ ಮಾತ್ರ ಉತ್ತರವು ಸುಲಭ. ನಿಃಶುಲ್ಕವೆಂದರೆ ಯಾರೂ ಕೊಡದ್ದಲ್ಲ. ಕುಂದಗೋಳದ ರೈತನು ಸಬಕಾರ ಕೊಳ್ಳುವಾಗ ಕೊಡುವ ತೆರಿಗೆಯೂ ಆ ಪಾಠದಲ್ಲಿ ಸೇರಿದೆ. ಆದರೆ ನನ್ನ ಮನಸ್ಸನ್ನು ಕೊರೆದದ್ದು ಇದಲ್ಲ.

ಹಿಂದೆ ನಮ್ಮ ಊರುಗಳಲ್ಲಿ ವಾರಾನ್ನದ ಹುಡುಗರಿದ್ದರು. ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರೂ ಬಹಳ. ಸೋಮವಾರದ ಅನ್ನವು ಯಾರ ಮನೆಯದೆಂಬದು ಹುಡುಗನಿಗೆ ಗೊತ್ತಿತ್ತು. ನಪಾಸಾದರೆ ಆ ತಾಯಿಗೆ ಮುಖ ತೋರಿಸುವದು ಕಠಿಣವಾಗುತ್ತಿತ್ತು. ಅಂಥ ಮುಖಲಜ್ಜೆಯು ಇಲ್ಲದ್ದರಿಂದಲೇ ಇಂದಿನವರು ಕೆಡುವರೆಂದು ಬರೆಯಬೇಕೆಂದಿದ್ದೆನು. ಆದರೆ ತಲೆ ತಗ್ಗಿಸಿಕೊಂಡು ಉಂಡ ಆ ಹುಡುಗರ ನೋವನ್ನು ನೆನೆದು ಲೇಖನಿಯು ತಡೆಯಿತು. ಕೊಡುವವನ ಮುಖ ಕಾಣದ ದಾನವು ಪಡೆಯುವವನ ಮಾನವನ್ನು ಕಾಯುವದು. ಆ ದೃಷ್ಟಿಯಿಂದ ಇದು ವಾರಾನ್ನಕ್ಕಿಂತ ಮೇಲಾದುದೇ ಸರಿ. ಹಾಗಾದರೆ ಋಣವು ಯಾರದು?

ಪಾಠವನ್ನು ತಿರುಗಿ ಕೇಳಿದಾಗ ಒಂದು ಸಂಗತಿಯು ಹೊಳೆಯಿತು. ಅಧ್ಯಾಪಕರು ಒಂದೆಡೆ ತಡೆದು, ತುದಿಯ ಸ್ಥಾನದಲ್ಲಿ ಎಡವುವದು ಸುಲಭವೆಂದು ಅದೇ ಮಾತನ್ನು ಮತ್ತೊಮ್ಮೆ ಹೇಳಿದರು. ಎದುರಿಗೆ ಯಾರೂ ಇಲ್ಲದಿರುವಾಗ, ಎಲ್ಲಿಯೋ ಒಬ್ಬ ಮಂದಮತಿಯು ಇಲ್ಲಿ ತೊಡರುವನೆಂದು ಮೊದಲೇ ಊಹಿಸಿ, ಅವನ ಸಲುವಾಗಿ ಅವರು ನಿಂತಿದ್ದರು. ಆ ಮಂದಮತಿಯು ನಾನೇ. ನನ್ನ ಹೆಸರನ್ನು ಅರಿಯದವರು ನನ್ನ ತಪ್ಪನ್ನು ಅರಿತಿದ್ದರು; ನಾನಾದರೋ ಅವರು ಕಾದು ನಿಂತ ಸ್ಥಳಕ್ಕೆ ಹೋಗದೆ ಪಕ್ಕದ ಹಾದಿಯಿಂದ ದಾಟಿಬಿಟ್ಟಿದ್ದೆನು. ಏಕಲವ್ಯನಿಗೆ ಗುರುವು ಒಲ್ಲೆನೆಂದನು. ಅವನು ಬೆರಳನ್ನೇ ಕೊಟ್ಟನು. ಇಲ್ಲಿ ಗುರುವು ಬಾ ಎಂದಿರುವಾಗ ನಾನು ಮೂರು ರಾತ್ರಿಯ ಮೇಲೆ ನಾಲ್ಕನೆಯದನ್ನು ಕೊಡಲಾರದೆ ಹೋದೆನು.

ಆ ನಾಲ್ಕನೆಯ ರಾತ್ರಿಯನ್ನು ಆಮೇಲೆ ಕೊಟ್ಟೆನು. ತಪ್ಪು ಒಂದೇ ಅಂಕಿಯದು. ಕೊನೆಯ ಸ್ಥಾನಕ್ಕೆ ಒಂದನ್ನು ಕೂಡಿಸುವದನ್ನು ಮರೆತಿದ್ದೆನು. ಗಡುವು ಮೀರಿದ್ದರಿಂದ ಹಳೆಯ ಪೂರ್ಣಾಂಕವೇ ಹಾಗೆಯೇ ನಿಂತಿದೆ. ಪರೀಕ್ಷೆಯ ಶುಲ್ಕವನ್ನು ಈ ಸಲ ಕಟ್ಟಲಿಲ್ಲ. ಪಾಠಮಾಲೆಯು ಪುನಃ ಪ್ರಾರಂಭವಾದಾಗ ಮೊದಲನೆಯ ವಾರದಿಂದ ಹೆಸರು ಹಚ್ಚುವೆನು. ಹುಡುಗನು ತಾನೂ ಹಚ್ಚುವೆನೆಂದು ಹೇಳಿದ್ದಾನೆ, ನೋಡಬೇಕು.